ಬೆಂಕಿ ಆರಿತೆಂದು ಅವ್ವ ಹೇಳುವವರೆಗೆ

ಹೂಂಗುಟ್ಟೋರು ಒಬ್ಬರಿದ್ದರೆ ಕತೆ ತಾನೇ ನಡೆಯುತ್ತೆ. ಹೂಂ ಅನ್ನಿ ಮತ್ತೆ.

ಗುಡ್ಡದ ಬುಡದಲ್ಲಿ ಒಂದು ಹಟ್ಟಿ. ಹಟ್ಟಿ ತುಂಬ ಬಾದೆ ಹುಲ್ಲು ಹೊದಿಸಿದ ಗುಡಿಸಲುಗಳು, ಒಂದರ ಸೂರಿಗೆ ಇನ್ನೊಂದರ ಸೂರು ತಾಗಿಕೊಂಡು. ಒಂದಕ್ಕೆ ಕಿಡಿ ಬಿದ್ದರೆ ಹಟ್ಟಿಗೆ ಹಟ್ಟಿಯೇ ಬೂದಿ. ಅಲ್ಲಿ ಪಾಲಮ್ಮ ಅಂತ ಒಬ್ಬ ಮುದುಕಿ, ಅವಳಿಗೆ ಓಬ ಅಂತ ಒಬ್ಬ ಮಗ. ಆಳು ಎತ್ತಿನ ಹಾಗಿದ್ದ, ಬುದ್ಧಿ ಕೊಡೋದು ಮಾತ್ರ ದೇವರಿಗೆ ಮರೆತುಹೋಗಿತ್ತು. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಪಾಲಮ್ಮನ ಮಗಳು ತಿಪ್ಪಕ್ಕ ಹೊಳೆಯಾಚೆ ಊರಲ್ಲಿ ತುಂಬು ಬಸುರಿ. ಮೊದಲ ಕೂಸು ಉಳಿದಿರಲಿಲ್ಲ. ಈ ಸಲ ಅವ್ವ ಪಕ್ಕದಲ್ಲಿ ಇರಲೇಬೇಕು ಅಂತ ಹೇಳಿಕಳಿಸಿದ್ದಳು. ಹೊರಗೆ ನೋಡಿದರೆ ಸುಡು ಬೇಸಿಗೆ. ಓಬನ ಕೈಗೆ ಮನೆ ಒಪ್ಪಿಸಿ ಹೋಗೋದು ಹೇಗೆ, ಹೋಗದಿದ್ದರೆ ಮಗಳ ಮುಖ ನೋಡೋದು ಹೇಗೆ? ಕೊನೆಗೆ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳಿದಳು.

"ಓಬಾ, ಬಾಗಿಲಲ್ಲಿ ಯಾವಾಗ್ಲೂ ಗಡಿಗೆ ತುಂಬ ನೀರಿರಬೇಕು. ಬೆಂಕಿ ಕಂಡ್ರೆ ಸುರೀಬೇಕು. ತಿಳೀತಾ?"

"ಆಗಲವ್ವ," ಅಂದ ಓಬ.

ಯಾರ ಬಾಗಿಲು ಅಂತ ಅವ್ವ ಹೇಳಿರಲಿಲ್ಲ. ಹಟ್ಟಿಯ ಬಾಗಿಲು ಬಾಗಿಲಿಗೂ ಗಡಿಗೆ ಇಟ್ಟ, ಬಾವಿಯಿಂದ ಹೊತ್ತು ತಂದು ತುಂಬಿಸಿದ. ಆಮೇಲೆ ಬೆಂಕಿ ಹುಡುಕಿಕೊಂಡು ಹೊರಟ. ಪಕ್ಕದ ಮನೆಯ ಬಂಗಾರಮ್ಮ ಮುದ್ದೆಗೆ ಎಸರಿಟ್ಟಿದ್ದಳು. ಒಲೆಯಲ್ಲಿ ಬೆಂಕಿ ಕಂಡಿತು, ಸುರಿದ. ಎದುರು ಮನೆಯ ಬೋರಜ್ಜ ಜಗುಲಿ ಮೇಲೆ ಬೀಡಿ ಹಚ್ಚಿದ್ದ. ತುದಿಯಲ್ಲಿ ಬೆಂಕಿ ಕಂಡಿತು, ಅಲ್ಲೂ ಸುರಿದ. ಅಜ್ಜನ ಮೀಸೆಯಿಂದ ನೀರು ತೊಟ್ಟಿಕ್ಕಿತು.

"ಅಯ್ಯೋ ನನ್ನ ಕರ್ಮವೇ," ಅಂತ ಪಾಲಮ್ಮ ಹಣೆ ಚಚ್ಚಿಕೊಂಡಳು. "ಒಲೆ ಬೆಂಕಿ ಅನ್ನ ಬೇಯಿಸೋ ಬೆಂಕಿ ಕಣಲಾ. ಸುರಿಯೋಕೆ ಮುಂಚೆ ಯಾರ ಬೆಂಕಿ ಅಂತ ಕೇಳಬಾರದಾ?"

"ಆಗಲವ್ವ," ಅಂದ ಓಬ.

ಎರಡು ದಿನ ಕಳೆದಿರಬಹುದು. ಯಾರದೋ ಒಲೆಯ ಕಿಡಿ ಗಾಳಿಗೆ ಹಾರಿ ಬಂಗಾರಮ್ಮನ ಬಣವೆಗೆ ಬಿತ್ತು. ಮೊದಲು ಕಂಡವನು ಓಬನೇ. ತುಂಬಿದ ಗಡಿಗೆ ತಲೆ ಮೇಲೆ ಹೊತ್ತು ಮನೆಮನೆಗೆ ಹೋದ.

"ಅಜ್ಜ, ಒಂದು ಬೆಂಕಿ ಐತೆ. ನಿಂದಾ?"

"ನನ್ನ ಬೀಡಿ ನೀನೇ ಆರಿಸಿದ್ಯಲ್ಲಪ್ಪ, ನಂದೆಲ್ಲಿ ಬಂತು ಬೆಂಕಿ?"

"ಬಂಗಾರಕ್ಕ, ನಿಂದಾ?"

"ಮತ್ತೆ ನನ್ನ ಒಲೆ ತಂಟೆಗೆ ಬಂದ್ರೆ ಸೌಟು ತಗೋತೀನಿ ನೋಡು."

ಯಾರೂ ನಮ್ಮದು ಅನ್ನಲಿಲ್ಲ. ಹಟ್ಟಿ ಸುತ್ತಿ ಬರೋದರೊಳಗೆ ಅರ್ಧ ಬಣವೆ ಹೋಗಿತ್ತು. ಉಳಿದರ್ಧವನ್ನು ಜನ ಓಡಿಬಂದು ಉಳಿಸಿಕೊಂಡರು.

ಪಾಲಮ್ಮ ಮಗನ ಎರಡೂ ಕಿವಿ ಹಿಡಿದು ಹೇಳಿದಳು. "ಬೆಂಕಿ ಒಲೆ ಬಿಟ್ಟು ಎದ್ದರೆ ಕೇಳ್ತಾ ಕೂರಬಾರದು, ಕೂಗಬೇಕು. ಬಣವೆ ಹೋದ್ರೆ ಹೋಯ್ತು, ಜೀವ ಹೋದ್ರೆ ಬರಲ್ಲ. ಎಲ್ಲರನ್ನೂ ಹೊರಗೆ ಎಳ್ಕೊಂಡು ಬಂದು ಬೇವಿನ ಮರದ ಕೆಳಗೆ ನಿಲ್ಲಿಸು. ಪೆಟ್ಟಿಗೆ ತರ್ತೀನಿ, ಕಂಬಳಿ ತರ್ತೀನಿ ಅಂತ ಓಡೋರನ್ನ ಬಿಡಬೇಡ. ಬೆಂಕಿ ಆರಿತು ಅಂತ ನಾನು ಹೇಳೋಗಂಟ ಒಬ್ಬರನ್ನೂ ಒಳಗೆ ಬಿಡಬೇಡ."

"ಆಗಲವ್ವ," ಅಂದ ಓಬ.

ಅಷ್ಟರಲ್ಲಿ ಹೊಳೆಯಾಚೆಯಿಂದ ಅಳಿಯ ಗಾಡಿ ಹೊಡೆದುಕೊಂಡು ಬಂದ. ತಿಪ್ಪಕ್ಕನಿಗೆ ನೋವು ಶುರುವಾಗಿತ್ತು. "ಹೋಗವ್ವ, ನಾವೆಲ್ಲ ಇಲ್ವಾ?" ಅಂದ ಬೋರಜ್ಜ. ಪಾಲಮ್ಮ ಮನೆದೇವರಿಗೆ ಕೈಮುಗಿದು ಗಾಡಿ ಹತ್ತಿದಳು.

ಮಾರನೇ ದಿನ ಮಧ್ಯಾಹ್ನ ಸುಂಟರಗಾಳಿ ಎದ್ದಿತು. ಬಂಗಾರಮ್ಮನ ಒಲೆಯ ಕಿಡಿ ಈ ಸಲ ಅವಳ ಸೂರಿಗೇ ಹತ್ತಿತು.

ಓಬ ಕೂಗಿದ ಕೂಗಿಗೆ ಗುಡ್ಡದ ಮೇಲಿನ ಕುರಿಗಳು ಚದುರಿದವು. ಒಂದೊಂದೇ ಗುಡಿಸಲಿಗೆ ನುಗ್ಗಿದ, ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದ, ನಿದ್ದೆಯಲ್ಲಿದ್ದ ಬೋರಜ್ಜನನ್ನು ಮಂಚದ ಸಮೇತ ಎತ್ತಿ ತಂದ. ಬಂಗಾರಮ್ಮ ಸೀರೆ ಪೆಟ್ಟಿಗೆಗೆ ಅಂತ ಉರಿಯೋ ಮನೆಯತ್ತ ಓಡಿದಳು. ಓಬ ರಟ್ಟೆ ಹಿಡಿದುಕೊಂಡ, ಬಿಡಲಿಲ್ಲ. ಅವಳು ಎಳೆದಾಡುತ್ತಿರುವಾಗಲೇ ಅವಳ ಸೂರು ಕುಸಿದು ಒಳಗೆ ಬಿತ್ತು. ಗಂಡಸರು ಬಾಗಿಲು ಬಾಗಿಲಲ್ಲಿದ್ದ ಗಡಿಗೆಗಳನ್ನೆತ್ತಿ ಸುರಿದರು, ದೋಟಿ ಹಾಕಿ ಪಕ್ಕದ ಸೂರಿನ ಹುಲ್ಲು ಎಳೆದು ಕೆಡವಿದರು. ಹೋದದ್ದು ಒಂದೇ ಗುಡಿಸಲು. ಒಬ್ಬರ ಮೈಗೂ ಬಿಸಿ ತಾಗಲಿಲ್ಲ.

ವಾರ ಕಳೆದ ಮೇಲೆ ಪಾಲಮ್ಮ ಬಂದಳು. ನೋಡುತ್ತಾಳೆ, ಹಟ್ಟಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಇಡೀ ಹಟ್ಟಿ ಪಕ್ಕದೂರಿಂದ ಕಾಳು, ಪಾತ್ರೆ ಎರವಲು ತಂದು, ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಂಡು ಕೂತಿದೆ. ಮಕ್ಕಳಿಗೆ ಹಬ್ಬ, ದೊಡ್ಡವರ ಮುಖ ಬಾಡಿದೆ. ದೋಟಿ ಹಿಡಿದು ಓಬ ಅಡ್ಡ ನಿಂತಿದ್ದಾನೆ.

"ಏನಲಾ ಇದು?"

"ಬೆಂಕಿ ಆರಿತು ಅಂತ ನೀನು ಹೇಳಿಲ್ಲವಲ್ಲವ್ವ."

"ಪಾಲಮ್ಮಾ, ಹೇಳೇ ತಾಯಿ," ಅಂದ ಬೋರಜ್ಜ ಮಂಚದಿಂದಲೇ. "ಜೀವ ಉಳಿಸಿದೋನಿಗೆ ಹೊಡೆಯೋಕೂ ಕೈ ಬರಲ್ಲ, ಬೇಡಿದ್ರೂ ಬಿಡಲ್ಲ. ವಾರದಿಂದ ಕಾಗೆ ಹಿಕ್ಕೆ ತಲೆ ಮೇಲೆ ಬೀಳ್ತಾ ಐತೆ."

ನಡೆದದ್ದೆಲ್ಲ ಕೇಳಿ ಪಾಲಮ್ಮ ಅತ್ತಳು, ಅಳುತ್ತಲೇ ನಕ್ಕಳು, ಮಗನ ತಲೆ ನೇವರಿಸಿದಳು. "ಆರೈತೆ ಕಣಪ್ಪ, ಆರೈತೆ," ಅಂದಳು. ಓಬ ದೋಟಿ ಸರಿಸಿದ. ಜನ ಮನೆ ಸೇರಿದರು. ಬಂಗಾರಮ್ಮನಿಗೆ ಹೊಸ ಸೂರು ಕಟ್ಟಿಕೊಡೋದು ಅಂತ ಮಾತಾಯಿತು.

"ತಿಪ್ಪಕ್ಕನಿಗೆ ಹೆಣ್ಣು ಕೂಸು, ಗುಂಡುಗುಂಡಾಗೈತೆ," ಅಂದಳು ಪಾಲಮ್ಮ. "ಬಾಣಂತನಕ್ಕೆ ನಾನು ತಿರುಗಿ ಹೋಗ್ಬೇಕು. ಇನ್ನು ನನಗೇನು ಭಯ ಇಲ್ಲ. ಆದರೆ ಪೆದ್ದು ಮುಂಡೇದೆ, ನಾನಿಲ್ಲದಾಗ ಬೋರಜ್ಜನ್ನ ಕೇಳೋಕೇನು? ಆರಿತು ಅಂತ ಅವನು ಹೇಳಿದ್ರೂ ಆಯ್ತು."

"ಆಗಲವ್ವ," ಅಂದ ಓಬ.

ಬೆಳಿಗ್ಗೆ ಗಾಡಿ ಹತ್ತಿ ಪಾಲಮ್ಮ ತಿರುಗಿ ನೋಡಿದಳು. ಉಳಿದ ಸೂರುಗಳ ಮೇಲೆಲ್ಲ ಅಡುಗೆಯ ಹೊಗೆ. ಬಾಗಿಲು ಬಾಗಿಲಲ್ಲಿ ತುಂಬಿದ ಗಡಿಗೆ. ನೀರು ಹೊತ್ತುಕೊಂಡು ಓಬ ಬರುತ್ತಿದ್ದಾನೆ, ಅವನ ಹೆಗಲ ಮೇಲೆ ಹಚ್ಚದ ಬೀಡಿ ಕಚ್ಚಿಕೊಂಡು ಬೋರಜ್ಜ ಕೂತಿದ್ದಾನೆ.

"ಯಾಕಲಾ ಅಜ್ಜನ್ನ ಹೊತ್ಕೊಂಡಿದೀಯ?" ಅಂತ ಪಾಲಮ್ಮ ಕೂಗಿ ಕೇಳಿದಳು.

"ಬೆಂಕಿ ಯಾವಾಗ ಬರುತ್ತೋ ಏನೋ, ಹೇಳೋಕೆ ಅಜ್ಜ ಕೈಗೆ ಸಿಗಬೇಕಲ್ಲವ್ವ. ನೀನು ಬರೋಗಂಟ ಇಳಿಸಲ್ಲ, ನೀನು ಹೋಗಿ ಬಾ."