ಗ್ಯಾನಪ್ಪ ಬ್ಯಾಟರಿ ತುಂಬಿಸಿದ್ದು

ಕೊಪ್ಪಳದ ಕಡೆ ಹುಲಿಗೆವ್ವ ಅಂತ ಒಬ್ಬಾಕೆ. ಆಕೆಗೆ ಒಬ್ಬನೇ ಮಗ, ಹೆಸರು ಗ್ಯಾನಪ್ಪ. ಹೆಸರಿನೊಳಗಿನ ಗ್ಯಾನ ಮಾತ್ರ ತಲೆಗೆ ಹತ್ತಿರಲಿಲ್ಲ. ವಯಸ್ಸು ಇಪ್ಪತ್ತಾರು, ಎತ್ತಿನಂಥ ಮೈ. ಸೋಮಾರಿಯಲ್ಲ, ಸುಳ್ಳುಗಾರನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ. ತೊಂದರೆ ಇದ್ದದ್ದೇ ಅಲ್ಲಿ.

ಹುಲಿಗೆವ್ವ ಕುರಿಗಳಿಗೆ ಲಸಿಕೆ ಹಾಕುವಾಕೆ. ಕುರಿಗಾರರು ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋದರೆ ಈಕೆಯೂ ಬೆನ್ನು ಹತ್ತಿ ಹೋಗಬೇಕು. ಅದಕ್ಕೇ ಹಳೇ ವ್ಯಾನೊಂದನ್ನು ಮನೆ ಮಾಡಿಕೊಂಡಿದ್ದಳು. ಒಳಗೆ ಎರಡು ಮಂಚ, ಒಂದು ಒಲೆ, ಒಂದು ಫ್ಯಾನು, ಲಸಿಕೆ ಇಡಲಿಕ್ಕೆ ಒಂದು ಪುಟ್ಟ ಫ್ರಿಜ್ಜು. ಓಡಿಸುವಾಕೆಯೂ ಅವಳೇ. ಗಾಡಿಗೆ ಎರಡು ಬ್ಯಾಟರಿ. ಮುಂದಿನದು ಇಂಜಿನ್ ಎಬ್ಬಿಸಲಿಕ್ಕೆ, ಹಿಂದಿನದು ಮನೆಗೆ. ಹಿಂದಿನದು ತುಂಬುವುದು ಎರಡು ದಾರಿಯಲ್ಲಿ: ಬಿಸಿಲಿದ್ದರೆ ಮೇಲಿನ ಸೋಲಾರ್ ಹಲಗೆಯಿಂದ, ಇಲ್ಲದಿದ್ದರೆ ಇಂಜಿನ್ ಓಡಿದಾಗ.

ಆ ಸಲ ಹೊಳೆಯಾಚೆಯ ಹಿಂಡಿಗೆ ಸಿಡುಬು ಬಂದು ನಲವತ್ತು ಮರಿ ಸತ್ತಿದ್ದವು. ಈಚೆ ದಂಡೆಯ ಹಿಂಡುಗಳೆಲ್ಲ ಸೋಮವಾರ ಒಂದೇ ಹೊಲದಲ್ಲಿ ಸೇರುವುದು, ಅವತ್ತೇ ಎಲ್ಲಕ್ಕೂ ಚುಚ್ಚುವುದು ಅಂತ ಮಾತಾಗಿತ್ತು. ನಾನೂರು ಕುರಿಯ ಲಸಿಕೆ ಫ್ರಿಜ್ಜಿನಲ್ಲಿತ್ತು. ತಂಪು ತಪ್ಪಿದರೆ ಅದು ಬರೀ ನೀರು.

ಗುರುವಾರ ಮುಂಜಾನೆ ಹುಲಿಗೆವ್ವ ಕುರಿಗಾರರಿಗೆ ಸುದ್ದಿ ಮುಟ್ಟಿಸಲು ಹೊರಟಳು.

“ಗ್ಯಾನಪ್ಪಾ, ಹಿಂದಿನ ಬ್ಯಾಟರಿಗೆ ನೀರು ಹಾಕು.”

“ಹಾಕ್ತೀನಿ ಬೇ!”

ಹಾಕಿದ. ಹಂಡೆ ತುಂಬ ಬೆಚ್ಚಗಿನ ನೀರು ಕಾಯಿಸಿ, ಬ್ಯಾಟರಿಯ ನೆತ್ತಿಯಿಂದ ತಳದವರೆಗೆ ಸಾಬೂನು ಹಚ್ಚಿ, ಉಜ್ಜಿ ಉಜ್ಜಿ ಹಾಕಿದ. ತಾಯಿ ಬಂದಾಗ ಟವೆಲಿನಿಂದ ಅದರ ಬೆನ್ನು ಒರೆಸುತ್ತಿದ್ದ.

“ಏ ಪೆದ್ದ! ಮೈ ಮ್ಯಾಲ ಅಲ್ಲೋ! ಮುಚ್ಚಳ ತಗದು ಒಳಗ ಹಾಕಬೇಕು! ಬಾಟಲಿಯೊಳಗಿನ ನೀರು, ಗೆರಿ ತನಕ!”

“ಹಂಗೇನು? ಮುಂದಿನ ಸಲ ಹಂಗ ಮಾಡ್ತೀನಿ ಬೇ.”

ಶುಕ್ರವಾರ ಗಾಳಿ ಎದ್ದು ಎರೆಹೊಲದ ಧೂಳೆಲ್ಲ ಸೋಲಾರ್ ಹಲಗೆಯ ಮೇಲೆ ಕೂತಿತು. ಧೂಳು ಕೂತರೆ ಬಿಸಿಲಿದ್ದೂ ಬ್ಯಾಟರಿ ತುಂಬುವುದಿಲ್ಲ. ಹುಲಿಗೆವ್ವ ರೊಟ್ಟಿ ಬಡಿಯುತ್ತಲೇ ಕೂಗಿದಳು.

“ಸೋಲಾರಿಗೆ ಒಂಚೂರು ನೀರು ಹಾಕೋ!”

“ಹಾಕ್ತೀನಿ ಬೇ!”

ಗ್ಯಾನಪ್ಪ ಮೇಲೆ ಹತ್ತಿ ನೋಡಿದ. ಹಲಗೆಗೆ ಮುಚ್ಚಳವೇ ಇಲ್ಲ! ಮೈ ಮೇಲೆ ಹಾಕಬಾರದು, ಒಳಗೆ ಹಾಕಬೇಕು, ನಿನ್ನೆಯೇ ಬೈಸಿಕೊಂಡಾಗಿದೆ. ಹಲಗೆಯಿಂದ ಇಳಿದಿದ್ದ ತಂತಿಯ ಜಾಡು ಹಿಡಿದು ಕೆಳಗೆ ಬಂದ. ತಂತಿ ಒಂದು ಪೆಟ್ಟಿಗೆಗೆ ಹೋಗಿತ್ತು. ಬಿಸಿಲಿನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ಕೊಡುವ ಪೆಟ್ಟಿಗೆ ಅದು. ಪೆಟ್ಟಿಗೆಗೆ ಮುಚ್ಚಳ ಇತ್ತು! ತೆಗೆದ. ಒಳಗೆ ಗೆರೆಯೂ ಇತ್ತು! ಬಾಟಲಿ ಬಗ್ಗಿಸಿದ. ಗೆರೆ ಮುಟ್ಟುವ ಮೊದಲೇ ಪೆಟ್ಟಿಗೆ ‘ಟಪ್’ ಅಂದಿತು. ಹೊಗೆ ಬಂತು.

ಹುಲಿಗೆವ್ವ ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡಳು.

“ಸುಟ್ಟೆಲ್ಲೋ! ಬಿಸಿಲಿನ ದಾರಿ ಮುಚ್ಚಿದೆಲ್ಲೋ! ಇನ್ನ ಓಡಿದರ ಮಾತ್ರ ಬ್ಯಾಟರಿ ತುಂಬತೈತಿ. ದಿನಾ ಎರಡು ತಾಸು ಓಡಬೇಕು, ತಿಳೀತಾ?”

“ತಿಳೀತು ಬೇ. ಎರಡು ತಾಸು ಓಡಬೇಕು.”

ಶನಿವಾರ ಆಕೆ ಸೂಜಿ ತರಲು ಪಕ್ಕದೂರಿಗೆ ಹೋಗಿ ಬರುವಾಗ ಹೊಲದ ಬದುವಿನ ಮೇಲೆ ಕುರಿಗಾರರೆಲ್ಲ ಸಾಲಾಗಿ ನಿಂತು ನಗುತ್ತಿದ್ದರು. ನಾಯಿಗಳು ಬೊಗಳುತ್ತಿದ್ದವು. ನಡುಹೊಲದಲ್ಲಿ ಗ್ಯಾನಪ್ಪ ಓಡುತ್ತಿದ್ದ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮನೆಯ ಬ್ಯಾಟರಿ.

“ನಿಲ್ಲೋ!”

“ಇನ್ನೂ ಅರ್ಧ ತಾಸು ಐತಿ ಬೇ!”

ಕುರಿಗಾರರ ಹಿರಿಯ ಮಾಳಿಂಗಪ್ಪ ಅಡ್ಡ ಹೋಗಿ ಹಿಡಿದು ನಿಲ್ಲಿಸಿದ. ಬ್ಯಾಟರಿಯ ಆಸಿಡ್ ತುಳುಕಿ ಸಿಂಬಿಯಲ್ಲಿ ತೂತು ಬಿದ್ದಿದ್ದವು, ಪುಣ್ಯಕ್ಕೆ ನೆತ್ತಿ ಉಳಿದಿತ್ತು. ಹುಲಿಗೆವ್ವನಿಗೆ ಮಗನ ತಲೆ ನೋಡಬೇಕೋ ಫ್ರಿಜ್ಜು ನೋಡಬೇಕೋ ತಿಳಿಯಲಿಲ್ಲ. ಮೊದಲು ತಲೆ ತೊಳೆದಳು, ಆಮೇಲೆ ಫ್ರಿಜ್ಜು ತೆರೆದಳು. ಐಸು ಇನ್ನೂ ಗಟ್ಟಿ ಇತ್ತು. ಬ್ಯಾಟರಿಯನ್ನು ಜಾಗದಲ್ಲಿಟ್ಟು, ತಂತಿ ತುದಿಯ ಬಿಳಿ ಪುಡಿ ಕೆರೆದು, ಕೆಂಪಿಗೆ ಕೆಂಪು, ಕರಿಗೆ ಕರಿ ಬಿಗಿದಳು.

“ಓಡೋದು ನೀನಲ್ಲೋ, ಇಂಜಿನ್ನು! ಗಾಡಿ ನಿಂತಲ್ಲೇ ನಿಂತಿರಬೇಕು, ನೀ ಕುಂತಲ್ಲೇ ಕುಂತಿರಬೇಕು. ಏನೂ ಬಿಚ್ಚಬ್ಯಾಡ, ಏನೂ ಹೊರಬ್ಯಾಡ. ಕೀಲಿ ತಿರುವೋದು, ಸುಮ್ಮನ ಕೂಡೋದು. ಅಷ್ಟ!”

“ಅಷ್ಟೇನು? ಸಸಾರ ಐತಿ ಬೇ.”

ಭಾನುವಾರ ಮುಂಜಾನೆ ಆಕೆ ಬಟ್ಟೆ ಒಗೆಯಲು ಹೊಳೆಗೆ ಹೋದಳು. ಗ್ಯಾನಪ್ಪ ಕೀಲಿ ತಿರುವಿದ. ‘ಕಟಕ್’ ಅಂದಿತು. ಮುಂದಿನ ದೀಪಗಳು ಹತ್ತಿದವು, ಹಾಡಿನ ಪೆಟ್ಟಿಗೆ ಹಾಡಿತು. ಕೈ ಕಟ್ಟಿ ಸುಮ್ಮನೆ ಕೂತ. ಹಾಡು ಸಣ್ಣದಾಯಿತು, ನಿಂತಿತು. ದೀಪ ಕೆಂಪಾಯಿತು, ಆರಿತು. ಆಗಲೂ ಸುಮ್ಮನೆ ಕೂತ.

“ಇಂಜಿನ್ ಸದ್ದ ಇಲ್ಲಲ್ಲೋ!” ಹುಲಿಗೆವ್ವ ಒದ್ದೆ ಬಟ್ಟೆ ಕೆಳಗೆ ಹಾಕಿದಳು.

“ಕೀಲಿ ತಿರುವು ಅಂದಿ, ತಿರುವಿದೆ. ಸುಮ್ಮನ ಕೂಡು ಅಂದಿ, ಕುಂತೆ. ಸದ್ದು ಮಾಡು ಅನ್ನಲಿಲ್ಲ.”

“ಇನ್ನೊಂದು ಸುತ್ತು ತಿರುವಬೇಕಿತ್ತೋ!”

“ಎಷ್ಟು ಸುತ್ತು ಅಂತ ಹೇಳಲಿಲ್ಲ ಬೇ.”

ಆಕೆ ಫ್ರಿಜ್ಜಿನ ಬಾಗಿಲು ತೆರೆದಳು. ಹಿಂದಿನ ಬ್ಯಾಟರಿಯೂ ಇಳಿದು ಫ್ರಿಜ್ಜು ನಿಂತಿತ್ತು. ಐಸಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸೋಮವಾರದವರೆಗೆ ಉಳಿಯುವ ಮಾತೇ ಇಲ್ಲ. ಆಕೆ ಓಡಿ ಹೋಗಿ ಬದುವಿನ ಮೇಲೆ ನಿಂತು ಕೂಗು ಹಾಕಿದಳು.

“ಮಾಳಿಂಗಪ್ಪಣ್ಣಾ! ನಾಳೆ ಅಲ್ಲ, ಈಗ! ಇದ್ದಬದ್ದ ಹಿಂಡೆಲ್ಲ ಈಗ ಹೊಡಕೊಂಡು ಬರ್ರಿ!”

ಬಂದವು. ಹೊಲ ಬೆಳ್ಳಗೆ ಕರ್ರಗೆ ಆಯಿತು. ಉಳಿದ ಐಸಿನ ಜೊತೆ ಲಸಿಕೆಯನ್ನು ಥರ್ಮಾಸಿಗೆ ಹಾಕಿಕೊಂಡು ಹುಲಿಗೆವ್ವ ಕೆಳಗೆ ಕೂತಳು. ಮಗನ ಮುಖ ನೋಡಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಒಂದು ಕುರಿ ಹಿಡಿ. ಗಟ್ಟಿ ಹಿಡಿ. ನಾ ಚುಚ್ಚಿದ ಮ್ಯಾಲೆ, ಬಿಡು ಅಂದಾಗ ಬಿಡು. ಇನ್ನೊಂದು ಹಿಡಿ.”

ಆ ದಿನ ಗ್ಯಾನಪ್ಪನನ್ನು ನೋಡಬೇಕಿತ್ತು! ಹಿಡಿ ಅಂದರೆ ಹಿಡಿದ. ಬಿಡು ಅಂದರೆ ಬಿಟ್ಟ. ಟಗರು ಗುಮ್ಮಿದರೂ ಬಿಡಲಿಲ್ಲ, ಮರಿ ಉಚ್ಚೆ ಹೊಯ್ದರೂ ಬಿಡಲಿಲ್ಲ. ನೀರು ಕೇಳಲಿಲ್ಲ, ರೊಟ್ಟಿ ಕೇಳಲಿಲ್ಲ. ಕುರಿಗಾರರು ಹಿಡಿದ ಕುರಿ ಜಾರಿ ಓಡುತ್ತಿದ್ದವು, ಇವನ ಕೈಯಿಂದ ಒಂದೂ ಜಾರಲಿಲ್ಲ. ಹೊತ್ತು ಇಳಿಯುವ ಮೊದಲು ನಾನೂರು ಕುರಿಯೂ ಮುಗಿದವು. ಥರ್ಮಾಸಿನ ತಳದಲ್ಲಿ ಬೆರಳುಗಾತ್ರದ ಐಸು ಇನ್ನೂ ಉಳಿದಿತ್ತು.

“ನಿನ್ನ ಮಗ ಇಲ್ಲದಿದ್ದರ ಇವತ್ತು ಆಗ್ತಿರಲಿಲ್ಲವ್ವಾ,” ಅಂದ ಮಾಳಿಂಗಪ್ಪ.

ಹುಲಿಗೆವ್ವನ ಕಣ್ಣು ತುಂಬಿತು. ಮಗನ ಕಡೆ ತಿರುಗಿದಳು. ಮಗ ಕಟ್ಟಕಡೆಯ ಕುರಿಯನ್ನು ಅಪ್ಪಿಕೊಂಡು ಕೂತೇ ಇದ್ದ. ಕುರಿ ಒದರುತ್ತಿತ್ತು.

“ಯಾಕೋ ಬಿಟ್ಟಿಲ್ಲ?”

“ನೀ ಬಿಡು ಅನ್ನಲಿಲ್ಲ.”

“ಬಿಡೋ ಮಾರಾಯಾ! ಎಲ್ಲಾ ನಾನೇ ಹೇಳಬೇಕೇನು? ಮುಂದ ಏನಾಗಬೇಕು ಅಂತ ನೀನೇ ತಿಳಕೊಂಡು ಮಾಡೋದು ಯಾವಾಗ ಕಲೀತಿ?”

“ಹಂಗೇನು? ಇನ್ನ ಮ್ಯಾಲೆ ನಾನೇ ತಿಳಕೊಂಡು ಮಾಡ್ತೀನಿ ಬೇ.”

ಇನ್ನು ಗಾಡಿ ಎಬ್ಬಿಸಬೇಕು. ಹುಲಿಗೆವ್ವ ಕೀಲಿ ತಿರುವಿ ನೋಡಿದಳು. ಉಸಿರಿಲ್ಲ.

“ಮುಂದಿನ ಬ್ಯಾಟರಿ ಪೂರಾ ಸತ್ತೈತಿ,” ಅಂದಳು. “ನಾ ಮಾಳಿಂಗಪ್ಪಣ್ಣನ ಜೋಡಿ ಹೋಗಿ ಊರಾಗಿಂದ ಟ್ರ್ಯಾಕ್ಟರ್ ತರ್ತೀನಿ. ಅದರ ಬ್ಯಾಟರಿಯಿಂದ ತಂತಿ ಕೊಟ್ಟರ ಇದಕ್ಕ ಜೀವ ಬರತೈತಿ.” ಮೊದಲ ಮಾತು ಬಿಟ್ಟು ಉಳಿದದ್ದನ್ನೆಲ್ಲ ಆಕೆ ನಡೆಯುತ್ತ ನಡೆಯುತ್ತ ಆಡಿದ್ದರಿಂದ ಗ್ಯಾನಪ್ಪನ ಕಿವಿಗೆ ಬಿದ್ದದ್ದು ಆ ಮೊದಲನೆಯದು ಮಾತ್ರ.

ಸತ್ತೈತಿ. ಮುಂದೇನಾಗಬೇಕು? ಈ ಸಲ ಯಾರೂ ಹೇಳಲಿಲ್ಲ. ತಾನೇ ತಿಳಿದುಕೊಂಡ.

ಅರ್ಧ ತಾಸಿಗೆ ಟ್ರ್ಯಾಕ್ಟರು ಬಂತು. ಹುಲಿಗೆವ್ವ ತಂತಿ ಹಿಡಿದು ಬಾನೆಟ್ಟು ಎತ್ತಿದಳು. ಬ್ಯಾಟರಿ ಇದ್ದ ಜಾಗ ಖಾಲಿ! ಸುತ್ತಲೂ ನೋಡಿದಳು. ಬದುವಿನ ಪಕ್ಕ ಹೊಸ ಮಣ್ಣಿನ ದಿಬ್ಬ, ಅದರ ಮೇಲೆ ಎರಡು ಎಕ್ಕೆಹೂ, ಒಂದು ಊದುಬತ್ತಿ. ಪಕ್ಕದಲ್ಲಿ ಗ್ಯಾನಪ್ಪ, ಉಣ್ಣೆ ಕತ್ತರಿಸುವ ಕತ್ತರಿಯಿಂದ ಅಡ್ಡಾದಿಡ್ಡಿ ತಲೆ ಬೋಳಿಸಿಕೊಂಡು, ಕಣ್ಣೊರೆಸಿಕೊಳ್ಳುತ್ತ ಕೂತಿದ್ದ.

“ಏನೋ ಇದು! ಏನ್ ಮಾಡಿಯೋ!” ಹುಲಿಗೆವ್ವ ಕಿರುಚಿದಳು.

ಗ್ಯಾನಪ್ಪ ಗಡಬಡಿಸಿ ಎದ್ದು ಬಂದು ತಾಯಿಯ ಬಾಯಿಗೆ ಕೈ ಅಡ್ಡ ಹಿಡಿದ.

“ಮೆಲ್ಲಕ ಬೇ! ಹಿಂದಿನ ಬ್ಯಾಟರಿಗೆ ನಾ ಇನ್ನೂ ಸುದ್ದಿ ಹೇಳಿಲ್ಲ!”