ಮತ್ತಿಮರದ ಶಾಲೆ ಮುಚ್ಚಿದ ಯಜಮಾನ

ಮಕ್ಕಳೇ, ಗಮನವಿಟ್ಟು ಕೇಳಿ. ಎರಡನೇ ಸಲ ಹೇಳುವುದಿಲ್ಲ.

ಒಂದು ಕಾಡಿನ ನಡುವೆ ಎತ್ತರದ ಮತ್ತಿಮರ. ಅದರಡಿ ಶಾಲೆ. ಮೇಷ್ಟ್ರು ಕರಿಮೂತಿಯ ಕೋತಿ, ಒಬ್ಬ ಮುದಿ ಮುಸುವ. ಮರದ ತುದಿಯಲ್ಲಿ ಕೂತು ಸುತ್ತ ಕಾಯುತ್ತಿದ್ದ, ಅಲ್ಲಿಂದಲೇ ಪಾಠ. ಹದ್ದು ಕಂಡರೆ ಉದ್ದ ಕೂಗು. ಮರಿಗಳು ಪೊದೆಗೆ ನುಗ್ಗಬೇಕು. ಚಿರತೆ ಕಂಡರೆ ಗಿಡ್ಡ ಕೂಗು. ಆಗ ಬಯಲಿಗೆ ಓಡಬೇಕು. ಚಿರತೆ ಹೊಂಚುವುದು ಪೊದೆಯಲ್ಲೇ ತಾನೆ.

ತುದಿ ಬಿಟ್ಟು ಇಳಿಯುವಂತಿಲ್ಲ. ಆದ್ದರಿಂದ ಮೇಷ್ಟ್ರ ಊಟ ಕಾಡಿನವರದು. ಎಲ್ಲರೂ ಹಣ್ಣು ತಂದು ಯಜಮಾನ ಕಾಡುಹಂದಿಗೆ ಒಪ್ಪಿಸುತ್ತಿದ್ದರು. ಅವನು ಶಾಲೆಗೆ ಕಳಿಸುತ್ತಿದ್ದ.

ಹೀಗಿರುವಾಗ ಹೊಳೆಯಾಚೆ ನವಿಲು ಕುಣಿತದ ಶಾಲೆ ತೆರೆದ. ಅಲ್ಲಿ ಮರಿಗಳ ಕೊರಳಿಗೆ ಹೂಬಳ್ಳಿ ಕಟ್ಟುತ್ತಿದ್ದರು. ತಾಯಂದಿರು ಕೊರಳು ನೋಡಿ ಮರುಳಾದರು. ಯಜಮಾನನ ಮೊಮ್ಮಗನೂ ಅಲ್ಲಿಗೇ ಸೇರಿದ.

ಮತ್ತಿಮರದಡಿ ಮರಿಗಳು ಕಡಿಮೆಯಾದವು. ಯಜಮಾನ ಹಣ್ಣನ್ನು ಅರ್ಧಕ್ಕೆ ಇಳಿಸಿದ. ಹೊಟ್ಟೆ ತುಂಬದ ಮುಸುವ ಮಧ್ಯಾಹ್ನ ಮರ ಇಳಿದು ಮೇವು ಹುಡುಕತೊಡಗಿದ. "ಮೇಷ್ಟ್ರೇ ಇರುವುದಿಲ್ಲ" ಎಂದು ಇನ್ನಷ್ಟು ಮಂದಿ ಮರಿಗಳನ್ನು ಬಿಡಿಸಿದರು. ಕೊನೆಗೆ ಉಳಿದದ್ದು ಒಂದು ಜಿಂಕೆಮರಿ.

"ಒಂದು ಮರಿಗೆ ಒಂದು ಶಾಲೆಯೇ? ಮುಚ್ಚಿ" ಎಂದ ಯಜಮಾನ.

ತಾಯಿಜಿಂಕೆ ಬಂದಳು. "ಯಜಮಾನರೇ, ಒಂದೇ ಮರಿಯಾದರೂ ಮೇಷ್ಟ್ರು ಮರದ ತುದಿಗೇ ಹತ್ತಬೇಕಲ್ಲ. ಕಾಲುಭಾಗ ಹತ್ತಿ ಕೂತರೆ ಚಿರತೆ ಕಂಡೀತೇ?"

"ನಿನ್ನ ಮಗಳನ್ನೂ ಹೊಳೆ ದಾಟಿಸಮ್ಮ. ನನ್ನ ಮೊಮ್ಮಗ ಎಷ್ಟು ಚೆಂದ ಕುಣಿಯುತ್ತಾನೆ ಗೊತ್ತೇ?"

"ಕುಣಿತ ನೋಡಿ ಚಿರತೆ ತಲೆದೂಗಿ ಹೋಗುತ್ತದೆಯೇ? ನನಗಿರುವುದು ಒಂದೇ ಮಗು. ಅದು ಬದುಕಬೇಕು."

ಯಜಮಾನ ಮುಖ ತಿರುಗಿಸಿದ. ಶಾಲೆ ಮುಚ್ಚಿತು.

ಕೆಲವು ದಿನ ಕಳೆದವು. ಮುಸುವ ಹೊಳೆದಂಡೆಯ ನೇರಳೆಮರದಲ್ಲಿ ಹಣ್ಣು ತಿನ್ನುತ್ತಿದ್ದ. ಕೆಳಗೆ ಜಿಂಕೆಮರಿಯೂ ಯಜಮಾನನ ಮೊಮ್ಮಗನೂ ನೀರು ಕುಡಿಯುತ್ತಿದ್ದರು. ಪಕ್ಕದ ಪೊದೆಯಲ್ಲಿ ಚಿರತೆಯ ಬಾಲ ಅಲುಗಿತು.

ಕೆಲಸ ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ. ಮುಸುವ ಗಿಡ್ಡ ಕೂಗು ಹಾಕಿದ.

ಜಿಂಕೆಮರಿ ಬಯಲಿಗೆ ಹಾರಿದಳು. "ಈ ಕಡೆ ಬಾರೋ" ಎಂದು ಕರೆದಳು.

"ಬಯಲಲ್ಲಿ ಯಾರೇ ಅಡಗುತ್ತಾರೆ, ದಡ್ಡಿ" ಎಂದು ಹಂದಿಮರಿ ಪೊದೆಗೆ ನುಗ್ಗಿದ.

ಹೊರಗೆ ಬರಲಿಲ್ಲ.

ಯಜಮಾನ ಓಡಿ ಬಂದ. "ಮೇಷ್ಟ್ರೇ, ನೀವು ಮೇಲೆಯೇ ಇದ್ದಿರಿ. ಯಾಕೆ ಹೇಳಲಿಲ್ಲ?"

"ಹೇಳಿದೆ. ಅವನಿಗೆ ತಿಳಿಯಲಿಲ್ಲ" ಎಂದ ಮುಸುವ.

ಯಜಮಾನ ಮರುದಿನ ಬೆಳಿಗ್ಗೆ ಮನೆಯಲ್ಲಿ ಉಳಿದ ಮರಿಗಳನ್ನೆಲ್ಲ ಕರೆತಂದು ಮತ್ತಿಮರದಡಿ ಕೂರಿಸಿದ. ತಾನೂ ಅವರ ಹಿಂದೆ ಕೂತ.

ನೀತಿ: ಮಕ್ಕಳು ಕಡಿಮೆಯಾದ ಮಾತ್ರಕ್ಕೆ ಶಾಲೆಯ ಕೆಲಸ ಕಡಿಮೆಯಾಗುವುದಿಲ್ಲ, ಮೇಷ್ಟ್ರ ಕೂಳು ಕಿತ್ತವನು ತನ್ನ ಮನೆಯ ಮಕ್ಕಳಿಗೇ ಕೇಡು ತರುತ್ತಾನೆ.