ಯಾರ ಪದ, ಯಾರ ದನಿ

ಅಡಿವೆಪ್ಪಜ್ಜನ ಮಠ ಗುಡ್ಡದ ಬುಡದಲ್ಲಿತ್ತು. ಊರಿಗೆ ಕುಡಿಯುವ ನೀರು ಬರುತ್ತಿದ್ದದ್ದೂ ಆ ಗುಡ್ಡದ ಒರತೆಯಿಂದಲೇ.

ಒಂದು ಸಂಜೆ ಶಿಷ್ಯ ಕಲ್ಮೇಶ ಅಂಗಳ ಗುಡಿಸುತ್ತಿದ್ದ. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದ.

"ನೆಲಾ ಸವದೀತೋ," ಎಂದರು ಅಜ್ಜ. "ಏನ ಹೊಕ್ಕೈತಿ ತಲ್ಯಾಗ?"

"ಓಟಿನ ಚಿಂತಿ ಅಜ್ಜಾರ. ಪಕ್ಷ ನೋಡಿ ಹಾಕಬೇಕೋ, ಮನಷ್ಯಾರನ್ನ ನೋಡಿ ಹಾಕಬೇಕೋ?"

"ಮನಷ್ಯಾರು ಅಂದ್ರ ಯಾರು?"

"ನಮ್ಮಕ್ಕ."

ಅಲ್ಲಿಗೆ ಬಂತು ನೋಡಿ ಮಾತು. ಅವನ ಅಕ್ಕ ಕಸ್ತೂರಿ ಈ ಸಲ ಚುನಾವಣೆಗೆ ನಿಂತಿದ್ದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು, ಇನ್ನೊಬ್ಬರ ಹುಲ್ಲುಕಡ್ಡಿ ಮುಟ್ಟಿದವಳಲ್ಲ. ಆದರೆ ಗೆದ್ದರೆ ಗುಡ್ಡ ಒಡೆದು ಜಲ್ಲಿ ಕಾರ್ಖಾನೆ ತರುತ್ತೇವೆ ಎಂದು ಅವಳ ಪಕ್ಷ ಪ್ರಣಾಳಿಕೆಯಲ್ಲಿ ಬರೆದಿತ್ತು.

ಎದುರಿನ ಪಕ್ಷ ಗುಡ್ಡ ಮುಟ್ಟುವುದಿಲ್ಲ ಎಂದಿತ್ತು. ಅದರ ಅಭ್ಯರ್ಥಿ ಮಾತ್ರ ಗಾಳಿ ಬಂದಾಗ ತೂರಿಕೊಳ್ಳುವ ಆಸಾಮಿ, ಆಗಲೇ ಎರಡು ಪಕ್ಷ ಬಿಟ್ಟು ಬಂದವನು. ಕಸ್ತೂರಿಯಂಥ ಒಳ್ಳೆಯವರು ಚುನಾವಣೆಗೆ ನಿಂತರೆ ಇದೇ ಪೇಚು, ಬೈಯಲು ಬಾಯಿ ಬರುವುದಿಲ್ಲ.

"ನಾಳಿ ಸಭಾದಾಗ ವೇದಿಕಿ ಮ್ಯಾಲೆ ನನ್ನ ಬಾಜೂಕ ನಿಂದ್ರು ಅಂದಾಳರಿ ಅಕ್ಕ."

ಅಜ್ಜ ಎದ್ದು ನಿಂತರು. "ಭಜನಿ ಹೊತ್ತಾತು, ನಡಿ," ಎಂದರು.

ಮಠದಲ್ಲಿ ಕಲ್ಮೇಶನಷ್ಟು ಒಳ್ಳೆಯ ದನಿ ಇನ್ನೊಬ್ಬರಿಗಿರಲಿಲ್ಲ. ಅಜ್ಜ ಅವನ ಕಿವಿಯಲ್ಲಿ ಹೇಳಿದರು: "ಇವತ್ತ ಉಳದವರು ಅವರ ಪದಾ ಹಾಡ್ಲಿ. ನೀ ನಿನ್ನ ಮನಸಿಗೆ ಸೇರಿದ ಪದಾ ಹಾಡು. ಏನಾದ್ರೂ ಬಿಡಬ್ಯಾಡ."

ಕಲ್ಮೇಶ ಕಣ್ಣು ಮುಚ್ಚಿ ಶುರುಮಾಡಿದ. ಸುತ್ತಲಿನ ಹತ್ತು ಮಂದಿ ಬೇರೆಯದನ್ನೇ ಹಾಡುತ್ತಿದ್ದರು. ಇವನು ದನಿ ಏರಿಸಿದ. ಅವರೂ ಏರಿಸಿದರು. ಹಾಗೇ ಬಹಳ ಹೊತ್ತು ನಡೆಯಿತು.

ಅಜ್ಜ ಅವನ ತೊಡೆ ತಟ್ಟಿದರು. "ಯಾವ ಪದಾ ಹಾಡಾಕತ್ತಿ?"

ಕಲ್ಮೇಶ ಕಣ್ಣು ಬಿಟ್ಟ. ಅವನ ಬಾಯಲ್ಲಿದ್ದದ್ದು ಅವರ ಪದ.

"ಯಾವಾಗ ಬದಲಾತು?"

"ಗೊತ್ತ ಆಗಲಿಲ್ಲರಿ." ಅವನಿಗೆ ನಾಚಿಕೆಗಿಂತ ಸೋಜಿಗವೇ ಹೆಚ್ಚಾಗಿತ್ತು. "ನಾ ಬಿಟ್ಟಿಲ್ಲ ಅಂತನ ತಿಳಕೊಂಡಿದ್ನಿ!"

ಭಜನೆ ಮುಗಿದು ಮಂದಿ ಎದ್ದು ಹೋದರು. ಕಲ್ಮೇಶನಿಗೆ ಎಲ್ಲ ಬಗೆಹರಿದಂತಾಗಿತ್ತು.

"ಹಂಗಾರ ಮನಷ್ಯಾರ ದನಿ ನೋಡಬಾರದರಿ, ಪಕ್ಷದ ಪದಾ ನೋಡಬೇಕು. ಆಚಿ ಪಕ್ಷಕ್ಕ ಹಾಕತೀನಿ."

"ಅವರ ಪದಾ ಛಲೋ ಐತಿ," ಎಂದರು ಅಜ್ಜ. "ಹಾಡಾಂವ ನಡುವ ಎದ್ದು ಬ್ಯಾರೆ ಭಜನಿಗೆ ಹ್ವಾದ್ರ?"

ಬಗೆಹರಿದದ್ದು ಮತ್ತೆ ಗೋಜಲಾಯಿತು.

ಅಷ್ಟರಲ್ಲಿ ಕಸ್ತೂರಿಯೇ ಬಂದಳು. ಊರೂರು ತಿರುಗಿ ಮಾತಾಡಿ ಅವಳ ಗಂಟಲು ಕಟ್ಟಿತ್ತು. ಕಲ್ಮೇಶ ತಡೆಯಲಾರದೆ ಕೇಳಿಯೇಬಿಟ್ಟ.

"ಅಕ್ಕಾ, ಗುಡ್ಡ ಒಡಿಯೂದು ನಿನಗ ಸೇರತೈತೇನು?"

"ಇಲ್ಲೋ ತಮ್ಮಾ. ಆ ನೀರ ಕುಡದ ಬೆಳದಾಕಿ ನಾ. ಗೆದ್ದ ಮ್ಯಾಲೆ ಪಕ್ಷದ ಒಳಗ ಇದ್ಕೊಂಡ ಅವರನ್ನ ತಿದ್ದತೀನಿ."

"ಈಗ ಭಜನ್ಯಾಗ ನಾನೂ ಒಳಗ ಇದ್ನಲ್ಲಕ್ಕಾ," ಎಂದ ಕಲ್ಮೇಶ. ನಡೆದದ್ದನ್ನೆಲ್ಲ ಹೇಳಿದ. ಆಮೇಲೆ ಮೆಲ್ಲಗೆ ಕೇಳಿದ, "ಪ್ರಣಾಳಿಕಿಯೊಳಗಿನ ಗುಡ್ಡದ ಮಾತು ನಿಮ್ಮ ಪಕ್ಷದವರು ಓದಿದಾಗ ನೀ ಏನ ಅಂದಿ?"

"ನಾ ಒಂದ ಮಾತೂ ಆಡಲಿಲ್ಲ."

"ಬಾಯಿ ಸುಮ್ಮನಿತ್ತು," ಎಂದರು ಅಜ್ಜ. "ಕೈ?"

ಕಸ್ತೂರಿ ತನ್ನ ಕೈ ನೋಡಿಕೊಂಡಳು. "ಎಲ್ಲಾರೂ ಚಪ್ಪಾಳಿ ಹೊಡದ್ರರಿ... ನಾನೂ ಹೊಡದ್ನಿ."

ಕಲ್ಮೇಶನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ತನಗೂ ಹಾಗೇ ಆಗಿತ್ತಲ್ಲ.

"ನಾಳಿ ಅದನ್ನ ಮತ್ತ ಓದತಾರರಿ ಅಜ್ಜಾರ," ಎಂದಳು ಕೊನೆಗೆ ಕಸ್ತೂರಿ. "ತಮ್ಮನ್ನ ಕಳಸ್ರಿ. ಇಂವ ಬಾಜೂಕಿದ್ರ ನನಗ ಧೈರ್ಯ."

"ಬರತಾನವ್ವಾ. ವೇದಿಕಿ ಮ್ಯಾಲಲ್ಲ, ಕೆಳಗ ಮಂದ್ಯಾಗ ಕುಂದರತಾನ. ಅದನ್ನ ಓದೂ ಹೊತ್ತಿನ್ಯಾಗ ನಿನ್ನ ಕೈ ನೋಡತಾನ."